ಶಿರೆತೊಕೊ: ಉತೊರೊ ಕಡೆಯೋ, ರೌಸು ಕಡೆಯೋ?

ಮೊದಲೇ ಹೇಳಿಬಿಡುತ್ತೇನೆ. ಶಿರೆತೊಕೊಗೆ ಹೋಗುವುದಾದರೆ ನಾನು ಉಳಿಯುವುದು ರೌಸುವಿನಲ್ಲೇ. ಎರಡು ಸಲ ಹೋಗಿ ಬಂದೆ, ಒಂದು ಸಲ ಫೆಬ್ರವರಿಯಲ್ಲಿ, ಇನ್ನೊಂದು ಸಲ ಜುಲೈ ಕೊನೆಯಲ್ಲಿ. ಎರಡೂ ಸಲ ಮೊದಲು ದುಡ್ಡು ಕಟ್ಟಿದ್ದು ಉತೊರೊಗೆ. ಎರಡೂ ಸಲ ಮನಸ್ಸು ನಿಂತದ್ದು ರೌಸುವಿನಲ್ಲಿ.

ಜಾಗ ಎಲ್ಲಿದೆ ಅಂತ ಚಿಕ್ಕದಾಗಿ ಹೇಳುತ್ತೇನೆ. ಜಪಾನಿನ ಉತ್ತರದ ದೊಡ್ಡ ದ್ವೀಪ ಹೊಕ್ಕೈಡೊ. ಅದರ ಈಶಾನ್ಯ ಮೂಲೆಯಿಂದ ಸುಮಾರು 70 ಕಿ.ಮೀ. ಉದ್ದಕ್ಕೆ ಸಮುದ್ರದೊಳಗೆ ಚಾಚಿಕೊಂಡಿರುವ ನೆಲವೇ ಶಿರೆತೊಕೊ. ಹೆಸರು ಇಲ್ಲಿನ ಮೂಲನಿವಾಸಿಗಳಾದ ಐನು ಜನರ ಭಾಷೆಯದು, ನೆಲದ ತುದಿ ಅಂತ ಅರ್ಥ. 2005ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ನಡುವೆ ಉದ್ದಕ್ಕೂ ಬೆಟ್ಟಸಾಲು. ಅದರ ಪಶ್ಚಿಮಕ್ಕೆ ಉತೊರೊ, ಎದುರಿಗೆ ಓಖೋತ್ಸ್ಕ್ ಸಮುದ್ರ. ಪೂರ್ವಕ್ಕೆ ರೌಸು, ಎದುರಿಗೆ ನೆಮುರೊ ಜಲಸಂಧಿ. ತುದಿಯವರೆಗೆ ರಸ್ತೆ ಯಾವ ಕಡೆಯಿಂದಲೂ ಇಲ್ಲ.

ನಾವಿರುವುದು ಟೋಕಿಯೊ ಪಕ್ಕದ ಕಾವಾಸಾಕಿಯಲ್ಲಿ. ನನ್ನ ಊರು ಕುಮಟಾ. ಕಡಲು ಅಂದರೆ ನನಗೆ ಬೆಚ್ಚಗಿನ ನೀರು, ತೆಂಗಿನ ಸಾಲು. ತಣ್ಣನೆಯ ಸಮುದ್ರವನ್ನು ಸರಿಯಾಗಿ ನೋಡಬೇಕು ಅನ್ನುವ ಆಸೆ ಬಹಳ ದಿನದಿಂದ ಇತ್ತು. ತೇಲುವ ಮಂಜುಗಡ್ಡೆ, ಮಂಜುಗಡ್ಡೆಯ ಮೇಲೆ ಕೂತ ಕಡಲ ಹದ್ದು, ಎರಡೂ ನೋಡಬೇಕಿತ್ತು. ಮೊದಲನೆಯದಕ್ಕೆ ಉತೊರೊ, ಎರಡನೆಯದಕ್ಕೆ ರೌಸು ಒಳ್ಳೆಯದು ಅಂತ ಓದಿದ್ದೆ. ಉತೊರೊದಲ್ಲಿ ಮೂರು ರಾತ್ರಿಗೆ ಹೋಟೆಲ್ ಹಿಡಿದೆ. ರದ್ದು ಮಾಡಿದರೆ ಹಣ ವಾಪಸ್ ಇಲ್ಲದ ಅಗ್ಗದ ದರ. ಎರಡನೇ ದಿನ ಬೆಳಗಿನ ಜಾವಕ್ಕೆ ರೌಸುವಿನಿಂದ ಹೊರಡುವ ಹದ್ದು ನೋಡುವ ದೋಣಿಯನ್ನೂ ಕಾದಿರಿಸಿದೆ. ರೂಮ್ ಬುಕ್ ಮಾಡಿದ ತಾಣದಲ್ಲಿ ರೌಸು 17 ಕಿ.ಮೀ. ದೂರ ಅಂತ ಇತ್ತು. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಹೊರಟರೆ ಸಾಕು ಅಂದುಕೊಂಡೆ.

ಆ 17 ಕಿ.ಮೀ. ಹಕ್ಕಿ ಹಾರುವ ದೂರ. ನಡುವೆ ಇರುವುದು ಶಿರೆತೊಕೊ ಘಾಟಿ. 738 ಮೀಟರ್ ಎತ್ತರಕ್ಕೆ ಹತ್ತಿ ಇಳಿಯುವ ರಸ್ತೆ, 1980ರಲ್ಲಿ ತೆರೆದದ್ದು. ನವೆಂಬರ್ ಮೊದಲಲ್ಲಿ ಮುಚ್ಚಿದರೆ ಮತ್ತೆ ತೆರೆಯುವುದು ಏಪ್ರಿಲ್ ಕೊನೆಗೆ. ಸುಮಾರು ಆರು ತಿಂಗಳು ರಸ್ತೆ ಮುಚ್ಚಿಯೇ ಇರುತ್ತದೆ. ಅಷ್ಟೊತ್ತೂ ಈ ಎರಡು ಊರುಗಳು ಬೆನ್ನಿಗೆ ಬೆನ್ನು ಕೊಟ್ಟು ಕೂತಿರುತ್ತವೆ.

ಇದು ನನಗೆ ಗೊತ್ತಾಗಿದ್ದು ಉತೊರೊಗೆ ಬಂದ ಸಂಜೆ. ಬೆಳಿಗ್ಗೆ ಬೇಗ ಹೊರಡುತ್ತೇವೆ ಅಂತ ಹೋಟೆಲಿನ ಕೌಂಟರಿನಲ್ಲಿ ಹೇಳಿದೆ. ಅಲ್ಲಿದ್ದ ಹುಡುಗಿ ಒಂದು ಕ್ಷಣ ನನ್ನ ಮುಖ ನೋಡಿ, ಒಳಗಿಂದ ನಕ್ಷೆ ತಂದಳು. ಘಾಟಿಯ ಮೇಲೆ ಕೆಂಪು ಗೀಟು ಎಳೆದಳು. ಆಮೇಲೆ ದಕ್ಷಿಣಕ್ಕೆ ಶಾರಿ ಪಟ್ಟಣ, ಅಲ್ಲಿಂದ ಕೊನ್‌ಪೊಕು ಘಾಟಿ ದಾಟಿ ಆಚೆ ಕರಾವಳಿ, ಅಲ್ಲಿಂದ ಮತ್ತೆ ಉತ್ತರಕ್ಕೆ ರೌಸು, ಹೀಗೆ ಬೆರಳಲ್ಲಿ ಇಡೀ ಬೆಟ್ಟ ಸುತ್ತಿಸಿದಳು. ನೂರಕ್ಕೂ ಜಾಸ್ತಿ ಕಿಲೋಮೀಟರ್. ಹಿಮದ ರಸ್ತೆಯಲ್ಲಿ, ಒಳ್ಳೆಯ ದಿನದಲ್ಲೂ ಎರಡೂವರೆ ಗಂಟೆಯ ಮೇಲೆ ಬೇಕು. ಬಸ್ಸು ಬಳಸಿ ಹೋದರೆ ಒಂದು ದಿನವೇ ಹೋಗುತ್ತದೆ.

ಬಾಡಿಗೆ ಕಾರಿತ್ತು. ಹಿಮಕ್ಕೆ ಬೇಕಾದ ಚಕ್ರ ಹಾಕಿಯೇ ಕೊಟ್ಟಿದ್ದರು. ರಾತ್ರಿ ಒಂದಕ್ಕೆ ಎದ್ದು ಹೊರಡೋಣ ಅಂದೆ. ನನ್ನಾಕೆ ಬೇಡ ಅಂದಳು. ಅವಳು ಹೇಳಿದ್ದೇ ಸರಿಯಾಯಿತು. ಹನ್ನೊಂದರ ಹೊತ್ತಿಗೆ ಹಿಮಗಾಳಿ ಎದ್ದು ಕೊನ್‌ಪೊಕು ಘಾಟಿಯನ್ನೂ ಮುಚ್ಚಿಬಿಟ್ಟರು. ದೋಣಿಯ ದುಡ್ಡು ಹೋಯಿತು. ದುಡ್ಡಿಗಿಂತ ಹೊಟ್ಟೆ ಉರಿದದ್ದು ಬೇರೆ ವಿಷಯಕ್ಕೆ. ಎರಡು ಊರನ್ನು ಪಕ್ಕಪಕ್ಕದಲ್ಲಿ ತೋರಿಸಿ ದುಡ್ಡು ಕಟ್ಟಿಸಿಕೊಳ್ಳುವ ಜಾಗದಲ್ಲಿ, ರಸ್ತೆ ಮುಚ್ಚಿದೆ ಅನ್ನುವ ಒಂದು ಸಾಲು ಎಲ್ಲೂ ಇರಲಿಲ್ಲ. ಚಳಿಗಾಲದಲ್ಲಿ ಹೋಗುವವರು ದಯವಿಟ್ಟು ಇದೊಂದನ್ನು ನೆನಪಿಡಿ. ಉತೊರೊ ಮತ್ತು ರೌಸು ಒಂದೇ ಪ್ರವಾಸದ ಎರಡು ನಿಲ್ದಾಣ ಅಲ್ಲ, ಎರಡು ಬೇರೆ ಪ್ರವಾಸ. ವಿಮಾನ ನಿಲ್ದಾಣವೂ ಬೇರೆ: ಉತೊರೊಗೆ ಮೆಮಾನ್‌ಬೆತ್ಸು, ರೌಸುವಿಗೆ ನಕಶಿಬೆತ್ಸು. ಟೋಕಿಯೊದ ಹನೆಡಾ ನಿಲ್ದಾಣದಿಂದ ಎರಡಕ್ಕೂ ನೇರ ವಿಮಾನ ಇದೆ.

ಮರುದಿನ ಗಾಳಿ ಇಳಿಯುವವರೆಗೆ ಉತೊರೊದಲ್ಲೇ ಇದ್ದೆವು. ಆ ದಿನ ಕಂಡದ್ದನ್ನು ನಾನು ಕಡಿಮೆ ಮಾಡಿ ಹೇಳುವುದಿಲ್ಲ. ದಡದಿಂದ ಕಣ್ಣು ಹಾಯುವಷ್ಟು ದೂರ ಸಮುದ್ರವೇ ಇಲ್ಲ, ಬರೀ ಬಿಳಿ. ಅಲೆಯ ಸದ್ದು ಪೂರ್ತಿ ನಿಂತುಹೋಗಿತ್ತು. ಅಲೆಯ ಸದ್ದಿಲ್ಲದ ಕಡಲತೀರ ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಅಮೂರ್ ನದಿ ತಂದು ಸುರಿಯುವ ಸಿಹಿನೀರು ಓಖೋತ್ಸ್ಕ್ ಸಮುದ್ರದ ಮೇಲ್ಪದರದ ಉಪ್ಪನ್ನು ಕಡಿಮೆ ಮಾಡುತ್ತದೆ. ಅದಕ್ಕೇ ಅಲ್ಲಿ ನೀರು ಬೇಗ ಹೆಪ್ಪುಗಟ್ಟುತ್ತದೆ. ಆ ಗಡ್ಡೆಗಳು ಗಾಳಿ ಮತ್ತು ಪ್ರವಾಹದ ಜೊತೆ ರಷ್ಯಾದ ಸಖಾಲಿನ್ ದ್ವೀಪದ ಪಕ್ಕದಿಂದ ಇಳಿದು ಜನವರಿ ಕೊನೆಯ ಹೊತ್ತಿಗೆ ಇಲ್ಲಿ ಮುಟ್ಟುತ್ತವೆ. ನೀರು ಒಳಬಾರದ ದಪ್ಪ ದಿರಿಸು ತೊಡಿಸಿ, ಜೊತೆಗೆ ಒಬ್ಬ ಗೈಡ್ ಬಂದು, ಅದರ ಮೇಲೆ ನಡೆಸುತ್ತಾರೆ. ನಡುವೆ ಸೀಳಿನಲ್ಲಿ ಎದೆಮಟ್ಟ ನೀರಿಗೂ ಇಳಿದೆವು. ತೇಲುವ ಮಂಜುಗಡ್ಡೆಯೊಂದೇ ಸಾಕು ಅನ್ನುವವರಿಗೆ ಉತೊರೊ ಸರಿ, ಅದರಲ್ಲಿ ಎರಡು ಮಾತಿಲ್ಲ.

ಮಧ್ಯಾಹ್ನ ಕೊನ್‌ಪೊಕು ಘಾಟಿ ತೆರೆಯಿತು. ಉಳಿದ ಎರಡು ರಾತ್ರಿಯ ದುಡ್ಡು ಬಿಟ್ಟು ರೌಸುವಿಗೆ ಹೊರಟೆವು. ಅಲ್ಲಿ ಸಿಕ್ಕಿದ್ದು ಒಂದು ಮಿನ್‌ಶುಕು, ಅಂದರೆ ಮನೆಯವರೇ ನಡೆಸುವ ಸಣ್ಣ ತಂಗುಮನೆ. ಬೆಳಗಿನ ಜಾವ ಕತ್ತಲಲ್ಲಿ ದೋಣಿ ಹತ್ತಿದೆವು. ಬೆಳಕು ಹರಿಯುವಾಗ ಎದುರಿಗೆ ಕುನಶಿರಿ ದ್ವೀಪದ ಬೆಟ್ಟಗಳು ಕಂಡವು. ರೌಸುವಿನಿಂದ ಅದು ಬರೀ 25 ಕಿ.ಮೀ. ಆಚೆ. 1945ರಿಂದ ರಷ್ಯಾದ ಕೈಯಲ್ಲಿದೆ, ಜಪಾನ್ ಇವತ್ತಿಗೂ ತನ್ನದು ಅನ್ನುತ್ತದೆ. ಸೂರ್ಯ ಆ ದ್ವೀಪದ ಹಿಂದಿನಿಂದ ಬಂದ. ಆಗ ನೋಡಿದರೆ ನಮ್ಮ ಸುತ್ತ ಗಡ್ಡೆಗಳ ಮೇಲೆಲ್ಲ ಸ್ಟೆಲ್ಲರ್ ಕಡಲ ಹದ್ದುಗಳು ಕೂತಿದ್ದವು. ಕಪ್ಪು ಮೈ, ಬಿಳಿ ಹೆಗಲು, ಹಳದಿ ಕೊಕ್ಕು. ರೆಕ್ಕೆ ಬಿಚ್ಚಿದರೆ ಎರಡು ಮೀಟರಿಗೂ ಜಾಸ್ತಿ. ಮುರುಡೇಶ್ವರದ ಆಚೆ ನೇತ್ರಾಣಿ ದ್ವೀಪದಲ್ಲಿ ಬಿಳಿ ಹೊಟ್ಟೆಯ ಕಡಲ ಹದ್ದನ್ನು ಚಿಕ್ಕಂದಿನಲ್ಲಿ ನೋಡಿದ್ದೆ. ಇದು ಅದರ ಹತ್ತಿರದ ನೆಂಟ, ಆದರೆ ಗಾತ್ರ ನೋಡಿ ಮಾತೇ ಹೊರಡಲಿಲ್ಲ.

ಒಂದು ವಿಷಯ ಇಷ್ಟವಾಗಲಿಲ್ಲ. ಹದ್ದು ಹತ್ತಿರ ಬರಲಿ ಅಂತ ದೋಣಿಯಿಂದ ಮೀನು ಎಸೆಯುತ್ತಾರೆ. ಫೋಟೊ ಚೆನ್ನಾಗಿ ಬರುತ್ತದೆ, ನಿಜ. ಆದರೂ ನನಗೆ ಎಸೆಯದೇ ಕಂಡ ಹದ್ದೇ ಹೆಚ್ಚು. ಮೀನುಗಾರರ ಬಲೆಯ ಸುತ್ತ ಅವು ತಾವಾಗಿಯೇ ಬರುತ್ತವೆ.

ಇನ್ನು ಬೇಸಿಗೆ. ಜುಲೈಯಲ್ಲಿ ಘಾಟಿ ತೆರೆದಿತ್ತು, ಹಾಗಾಗಿ ಈ ಸಲ ನಿಜವಾಗಿಯೂ ಎರಡನ್ನೂ ಪಕ್ಕಪಕ್ಕದಲ್ಲಿ ನೋಡಿದೆವು. ಉತೊರೊದಿಂದ ತುದಿಯವರೆಗೆ ಹೋಗುವ ದೋಣಿ ಹಿಡಿದಿದ್ದೆವು. ಬಂಡೆಗೋಡೆಯಿಂದ ಜಲಪಾತಗಳು ನೇರ ಸಮುದ್ರಕ್ಕೆ ಬೀಳುವುದನ್ನು, ದಡದಲ್ಲಿ ಓಡಾಡುವ ಕಂದು ಕರಡಿಯನ್ನು ನೀರಿನಿಂದಲೇ ನೋಡುವ ಮೂರು ಗಂಟೆಯ ಪಯಣ. ಅಲೆ ಜೋರಿದೆ ಅಂತ ಬೆಳಿಗ್ಗೆ ರದ್ದಾಯಿತು. ಇದಕ್ಕೆ ನನ್ನ ತಕರಾರಿಲ್ಲ. 2022ರ ಏಪ್ರಿಲ್ 23ರಂದು ಇದೇ ಕರಾವಳಿಯಲ್ಲಿ 26 ಜನರಿದ್ದ ಪ್ರವಾಸಿ ದೋಣಿ ಮುಳುಗಿ ಒಬ್ಬರೂ ಬದುಕಲಿಲ್ಲ. ಈ ನೀರಿನ ಚಳಿ ಮನುಷ್ಯನಿಗೆ ಹೆಚ್ಚು ಹೊತ್ತು ಕೊಡುವುದಿಲ್ಲ. ದೋಣಿಯವರು ಹೋಗಲ್ಲ ಅಂದರೆ ಕೈಮುಗಿದು ವಾಪಸ್ ಬನ್ನಿ.

ಅವತ್ತು ಘಾಟಿ ಹತ್ತಿ ರೌಸುವಿಗೆ ಇಳಿದರೆ ಸಮುದ್ರ ಕೆರೆಯ ಹಾಗಿತ್ತು. ಪಶ್ಚಿಮದ ಗಾಳಿಗೆ ಬೆಟ್ಟಸಾಲು ಅಡ್ಡ ನಿಲ್ಲುತ್ತದೆ. ಪೂರ್ವದ ಗಾಳಿ ಬೀಸಿದರೆ ಲೆಕ್ಕ ಉಲ್ಟಾ. ರೌಸುವಿನ ಬೇಸಿಗೆಯ ತೊಂದರೆ ಬೇರೆ, ಅದು ಮಂಜು. ದಕ್ಷಿಣದ ಬಿಸಿ ಗಾಳಿ ತಣ್ಣನೆಯ ನೀರಿಗೆ ಮುಟ್ಟಿದರೆ ಎಲ್ಲ ಬೆಳ್ಳಗೆ. ಎದುರಿನ ಕುನಶಿರಿ ಎರಡು ದಿನ ಕಾಣಲೇ ಇಲ್ಲ. ಬಿಸಿಲು ಬೇಕೇಬೇಕು ಅನ್ನುವವರು ಉತೊರೊ ನೋಡಿಕೊಳ್ಳಿ.

ಆದರೆ ತಿಮಿಂಗಿಲ ಇರುವುದು ರೌಸುವಿನಲ್ಲಿ. ಬಂದರಿನಿಂದ ಸ್ವಲ್ಪ ಉತ್ತರಕ್ಕೆ ಹೋದರೆ ಸಮುದ್ರತಳ ಸಟ್ಟನೆ ಇಳಿದು 2000 ಮೀಟರ್ ದಾಟುತ್ತದೆ. ಅಷ್ಟು ಆಳ ದಡಕ್ಕೆ ಇಷ್ಟು ಹತ್ತಿರ ಇರುವುದರಿಂದಲೇ ಸ್ಪರ್ಮ್ ತಿಮಿಂಗಿಲಗಳು ಬೇಟೆಗೆ ಬರುತ್ತವೆ. ಬರುವುದು ಹೆಚ್ಚಾಗಿ ಗಂಡು. ಒಮ್ಮೆ ಮುಳುಗಿದರೆ ಮುಕ್ಕಾಲು ಗಂಟೆ ಮೇಲೆ ಬರುವುದಿಲ್ಲ. ದೋಣಿಯವರು ನೀರೊಳಗೆ ಮೈಕ್ ಇಳಿಸಿ ಅದರ ಟಿಕ್ ಟಿಕ್ ಸದ್ದು ಕೇಳುತ್ತಾ ಕಾಯುತ್ತಾರೆ. ನಮಗೂ ಕೇಳಿಸಿದರು. ಮಂಜಿನೊಳಗೆ ಯಂತ್ರ ನಿಲ್ಲಿಸಿ ಎಲ್ಲರೂ ಸುಮ್ನೆ ನಿಂತಿದ್ದೆವು. ಸದ್ದು ನಿಂತಿತು. ಅಂದರೆ ಅದು ಮೇಲೆ ಬರುತ್ತಿದೆ. ಮೊದಲು ಉಸಿರು ಕೇಳಿಸಿತು, ಆಮೇಲೆ ಬೆನ್ನು ಕಂಡಿತು. ಕೊನೆಗೆ ಬಾಲ ಎತ್ತಿ ಇಳಿಯುವಾಗ ನನ್ನಾಕೆ ನನ್ನ ಕೈ ಹಿಡಿದು ಅತ್ತಳು. ದೋಣಿಗೆ ತಲೆಗೆ ಹತ್ತು ಸಾವಿರ ಯೆನ್ ಆಸುಪಾಸು ಕೊಟ್ಟೆವು. ಮತ್ತೆ ಕೊಡುತ್ತೇನೆ.

ನೆಲದ ಮೇಲಿನ ನಡಿಗೆಗೆ ಉತೊರೊ ಮುಂದೆ. ಐದು ಕೆರೆಗಳ ಹತ್ತಿರ 800 ಮೀಟರ್ ಉದ್ದದ ಮರದ ಅಟ್ಟಣಿಗೆ ಇದೆ, ಕೆಳಗೆ ಕರಡಿ ಹತ್ತದಂತೆ ವಿದ್ಯುತ್ ತಂತಿ. ವಯಸ್ಸಾದ ಅಪ್ಪ ಅಮ್ಮ ಜೊತೆಗಿದ್ದರೆ ಅಲ್ಲಿಗೇ ಕರೆದುಕೊಂಡು ಹೋಗಿ.

ಊಟ: ಮೀನು ತಿನ್ನುವ ನನಗೆ ರೌಸುವಿನ ಸುಟ್ಟ ಹೊಕ್ಕೆ ಮೀನೊಂದೇ ಸಾಕು. ನನ್ನಾಕೆ ಸಸ್ಯಾಹಾರಿ, ಅವಳಿಗೆ ಎರಡೂ ಕಡೆ ಕಷ್ಟ. ಸಾರಿನಲ್ಲಿ ಒಣಮೀನಿನ ಪುಡಿ ಇದ್ದೇ ಇರುತ್ತದೆ. ಅವಲಕ್ಕಿ, ಚಟ್ನಿಪುಡಿ ಒಯ್ದಿದ್ದೆವು. ಮಿನ್‌ಶುಕುವಿನ ಅಜ್ಜಿ ಇದನ್ನು ನೋಡಿ, ಕೊಂಬು ಅನ್ನುವ ಕಡಲಪಾಚಿ ಮಾತ್ರ ಹಾಕಿ ಅವಳಿಗೆ ಬೇರೆ ಸಾರು ಮಾಡಿಕೊಟ್ಟರು. ಹೋಟೆಲಿನ ಬುಫೆಯಲ್ಲಿ ಇದು ಆಗಲ್ಲ ಅಲ್ವಾ?

 ರೌಸುವಿನ ಕೊಂಬು ಜಪಾನಿನಲ್ಲೆಲ್ಲ ಹೆಸರುವಾಸಿ. ನಾವು ಹೋದಾಗ ಕೊಯ್ಲಿನ ಕಾಲ. ಬೆಳಿಗ್ಗೆ ಸಣ್ಣ ದೋಣಿಗಳಲ್ಲಿ ಉದ್ದ ಕೋಲು ಹಾಕಿ ತಿರುಚಿ ಎಳೆಯುತ್ತಾರೆ. ಒಣಗಿಸಿ, ಸಂಜೆಯ ಇಬ್ಬನಿಗೆ ಹಾಸಿ ಮೆದು ಮಾಡಿ, ಸುಕ್ಕು ಬಿಡಿಸಿ, ಮತ್ತೆ ಒಣಗಿಸಿ, ಅಂಚು ಕತ್ತರಿಸುತ್ತಾರೆ. ಮನೆ ಮಂದಿಯೆಲ್ಲ ಕೂತು ಮಾಡುವ ಕೆಲಸ. ನಮ್ಮ ಕಡೆ ತದಡಿಯಲ್ಲಿ ಮೀನು ಒಣಗಿಸುವ ಹೆಂಗಸರ ಕೈಗಳೇ ಕಣ್ಣಿಗೆ ಬಂದವು.

ಸ್ನಾನ: ಉತೊರೊದಲ್ಲಿ ಹೋಟೆಲಿನ ಬಿಸಿನೀರಿನ ಕೊಳ. ರೌಸುವಿನಲ್ಲಿ ಊರವರೇ ನೋಡಿಕೊಳ್ಳುವ ಕುಮಾನೊಯು, ಕಾಡಿನ ಅಂಚಿನಲ್ಲಿ, ದುಡ್ಡಿಲ್ಲ. ನೀರು ಸಿಕ್ಕಾಪಟ್ಟೆ ಬಿಸಿ. ಮೊದಲು ಮೈ ತೊಳೆದು, ಬಿಸಿನೀರು ಸುರಿದುಕೊಂಡು ಮೈ ಒಗ್ಗಿಸಿಕೊಂಡು ಇಳಿಯಿರಿ.

ಖರ್ಚು: ಉತೊರೊದ ಹೋಟೆಲಿನ ಎರಡು ರಾತ್ರಿಯ ದುಡ್ಡಲ್ಲಿ ರೌಸುವಿನ ಮಿನ್‌ಶುಕುವಿನಲ್ಲಿ ಮೂರು ರಾತ್ರಿ ಕಳೆದೆವು, ಎರಡು ಊಟ ಸೇರಿ. ನಾವು ಬೇಗ ಏಳುವವರು, ರಾತ್ರಿ ಎಂಟಕ್ಕೆ ಊರು ಮಲಗಿದರೆ ನಮಗೇನೂ ಕಷ್ಟವಿಲ್ಲ. ಕಾರು ಓಡಿಸಲು ಬಾರದವರಿಗೆ ಮಾತ್ರ ಉತೊರೊ ಸುಲಭ, ಶಾರಿ ರೈಲು ನಿಲ್ದಾಣದಿಂದ ಬಸ್ಸು ಒಂದು ಗಂಟೆಯೊಳಗೆ ಮುಟ್ಟಿಸುತ್ತದೆ.

ಮುಂದಿನ ಮೇ ಕೊನೆಗೆ ನಾಲ್ಕು ರಾತ್ರಿ ಹೇಳಿಟ್ಟಿದ್ದೇನೆ, ಪೂರ್ತಿ ರೌಸುವಿನಲ್ಲಿ, ಅದೇ ಅಜ್ಜಿಯ ಮನೆ. ಆಗ ಜಲಸಂಧಿಗೆ ಓರ್ಕಾ ಗುಂಪುಗಳು ಬರುವ ಕಾಲ. ಟಿಕೆಟ್ ನಕಶಿಬೆತ್ಸುಗೆ ತೆಗೆದಿದ್ದೇನೆ.