ಬಸ್ಸು, ಟಂಟಂ, ಆಟೊ, ಸ್ಕೂಟರ್: ಕಲಬುರಗಿಯಲ್ಲಿ ಯಾವುದನ್ನು ನಂಬಬಹುದು?

ನನ್ನ ಮನೆ ಶಹಾಬಜಾರದಲ್ಲಿ, ಕೆಲಸ ಸೇಡಂ ರಸ್ತೆಯಲ್ಲಿ. ನಡುವೆ ಹೆಚ್ಚುಕಡಿಮೆ ಇಡೀ ಕಲಬುರಗಿ ಇದೆ. ಸೂಪರ್ ಮಾರ್ಕೆಟ್‌ನ ಸಂದಣಿ, ಜಗತ್ ವೃತ್ತದ ಗದ್ದಲ ಎಲ್ಲವನ್ನೂ ದಾಟಿ ಹೋಗಬೇಕು. ಈ ದಾರಿಗೆ ನಗರ ಸಾರಿಗೆ ಬಸ್ಸು, ಟಂಟಂ (ಹಲವರನ್ನು ಒಟ್ಟಿಗೆ ತುಂಬಿಕೊಂಡು ಹೋಗುವ ಮೂರು ಗಾಲಿಯ ಗಾಡಿ), ಆಟೊ, ಸ್ವಂತ ಸ್ಕೂಟರ್ ನಾಲ್ಕನ್ನೂ ವರ್ಷಗಟ್ಟಲೆ ಬಳಸಿದ್ದೇನೆ. ಬಿಸಿಲು 42 ಡಿಗ್ರಿ ದಾಟುವ ಮೇ ತಿಂಗಳಲ್ಲೂ, ಮಳೆಗೆ ರಸ್ತೆಯಂಚಿನ ಕಪ್ಪು ಮಣ್ಣು ಚಪ್ಪಲಿಗೆ ಮೆತ್ತಿಕೊಳ್ಳುವಾಗಲೂ ಬಳಸಿದ್ದೇನೆ. ಊರಿಗೆ ಹೊಸದಾಗಿ ಬಂದವರು ಯಾವುದರಲ್ಲಿ ಓಡಾಡುವುದು ಒಳ್ಳೆಯದೆಂದು ಕೇಳುತ್ತಾರೆ. ಯಾವುದು ಅಗ್ಗ, ಯಾವುದು ಬೇಗ ಎಂಬ ಲೆಕ್ಕ ಅವರದು. ನಾನು ಮೊದಲು ನೋಡುವುದು ಬೇರೆ: ಮನೆ ಬಿಡುವಾಗಲೇ, ಎಷ್ಟು ಹೊತ್ತಿಗೆ ತಲುಪುತ್ತೇನೆಂದು ಹೇಳಲು ಬರುತ್ತದೆಯೇ?

ಈ ಅಳತೆ ನನಗೆ ಬಂದದ್ದು ಟಾಂಗಾದಿಂದ. 1980ರ ದಶಕದಲ್ಲಿ ನಮ್ಮ ಓಣಿಯ ಮಕ್ಕಳೆಲ್ಲ ಶಾಲೆಗೆ ಹೋಗುತ್ತಿದ್ದದ್ದು ಒಂದೇ ಟಾಂಗಾದಲ್ಲಿ. ಅದನ್ನು ಹೊಡೆಯುತ್ತಿದ್ದವರನ್ನು ನಾವು ಚಾಚಾ ಎಂದೇ ಕರೆಯುತ್ತಿದ್ದೆವು. ಓಣಿಯ ತಿರುವಿನಲ್ಲಿ ಕುದುರೆಯ ಗೆಜ್ಜೆ ಕೇಳಿಸಿದರೆ ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನನ್ನ ಪಾಟಿಚೀಲವನ್ನು ಬಾಗಿಲಿಗೆ ತರುತ್ತಿದ್ದಳು. ಮನೆಯಲ್ಲಿ ಗಡಿಯಾರ ನೋಡಬೇಕಾದ ಅಗತ್ಯವೇ ಇರಲಿಲ್ಲ. ಚಾಚಾ ನಮ್ಮನ್ನು ತೂಕ ನೋಡಿ ಕೂರಿಸುತ್ತಿದ್ದರು. ಹಿಂದೆ ಭಾರ ಹೆಚ್ಚಾದರೆ ಗಾಡಿ ಹಿಂದಕ್ಕೆ ವಾಲುತ್ತದೆ, ಮುಂದೆ ಹೆಚ್ಚಾದರೆ ಕುದುರೆಯ ಬೆನ್ನಿಗೆ ಭಾರ. ಆದ್ದರಿಂದ ದಪ್ಪಗಿದ್ದ ನನ್ನ ಅಣ್ಣನಿಗೆ ಯಾವಾಗಲೂ ಮುಂದಿನ ಜಾಗ, ನನಗೆ ಹಿಂದೆ, ಕಾಲು ಇಳಿಬಿಟ್ಟು. ದಾರಿಗೆ ಯಾರಾದರೂ ಅಡ್ಡ ಬಂದರೆ ಅವರು ಚಾಬೂಕಿನ ಹಿಡಿಯನ್ನು ತಿರುಗುವ ಗಾಲಿಯ ಕಡ್ಡಿಗಳಿಗೆ ತಾಗಿಸುತ್ತಿದ್ದರು. ಆ ಕಟಕಟ ಸದ್ದಿಗೆ ಕಿರಾಣಾ ಬಜಾರದ ಜನ ತಾವಾಗಿಯೇ ಸರಿಯುತ್ತಿದ್ದರು. ಒಂದು ಮಗು ಕಾಣದಿದ್ದರೆ ಟಾಂಗಾ ಕದಲುತ್ತಿರಲಿಲ್ಲ. ದೊಡ್ಡ ಹುಡುಗನೊಬ್ಬ ಇಳಿದುಹೋಗಿ ಕರೆತರಬೇಕಿತ್ತು.

ಟಾಂಗಾ ಮತ್ತೆ ಬರಲಿ ಎಂದು ನಾನು ಕೇಳುತ್ತಿಲ್ಲ. ನಮ್ಮೂರ ಬಿಸಿಲಿನಲ್ಲಿ, ಕಾದ ಡಾಂಬರಿನ ಮೇಲೆ ಆ ಪ್ರಾಣಿ ಪಟ್ಟ ಪಾಡು ಈಗ ನೆನೆದರೆ ಸಂಕಟವಾಗುತ್ತದೆ. ಆದರೆ ನಮಗಾಗಿ ಒಂದು ಗಾಡಿ ಬಂದೇ ಬರುತ್ತದೆ ಎಂಬ ನೆಮ್ಮದಿ ಅಂದು ಏಳು ವರ್ಷದ ಹುಡುಗಿಗೆ ಇತ್ತು. ಇಂದು ನನ್ನ ವಯಸ್ಸಿನ ಉದ್ಯೋಗಸ್ಥ ಹೆಂಗಸಿಗೆ ಅದು ಇಲ್ಲ.

ಬಸ್ಸಿನಿಂದ ಶುರುಮಾಡುತ್ತೇನೆ, ಏಕೆಂದರೆ ನನ್ನ ಮನಸ್ಸು ಇರುವುದು ಅಲ್ಲಿಯೇ. ಬಂದರೆ ಬಸ್ಸಿನಷ್ಟು ಒಳ್ಳೆಯದು ಬೇರೆ ಇಲ್ಲ. ತಲೆಯ ಮೇಲೆ ಗಟ್ಟಿ ಚಾವಣಿ, ಕೈಗೆ ಹಿಡಿಕೆ, ಸುತ್ತ ಹತ್ತಾರು ಜನ. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಯಾದ ಮೇಲೆ ಹೆಂಗಸರಿಗೆ ಟಿಕೆಟಿನ ದುಡ್ಡೂ ಇಲ್ಲ. ಗುರುತಿನ ಚೀಟಿ ತೋರಿಸಿದರೆ ಕಂಡಕ್ಟರ್ ಶೂನ್ಯ ದರದ ಟಿಕೆಟ್ ಕೊಡುತ್ತಾರೆ. ಇದರ ಬೆಲೆ ನನಗೆ ತಿಳಿದದ್ದು ಅವ್ವನಿಂದ. ಮೊದಲೆಲ್ಲ ಸೋಮವಾರ ಅಪ್ಪನ ಗುಡಿಗೆ, ಅಂದರೆ ಶರಣಬಸವೇಶ್ವರರ ಗುಡಿಗೆ, ಹೋಗಬೇಕಾದರೆ ಯಾರಾದರೂ ಬಿಡುವಾಗಿದ್ದಾರೆಯೇ ಎಂದು ನಮ್ಮ ಮುಖ ನೋಡುತ್ತಾ ಕೂರುತ್ತಿದ್ದಳು. ಈಗ ಓಣಿಯ ಗೆಳತಿಯರನ್ನು ಸೇರಿಸಿಕೊಂಡು ತಾನೇ ಹೋಗಿ ಬರುತ್ತಾಳೆ.

ಕಷ್ಟವಿರುವುದು ಕಾಯುವುದರಲ್ಲಿ. ನಾನು ಹತ್ತುವ ನಿಲ್ದಾಣದಲ್ಲಿ ನೆರಳಿಲ್ಲ, ವೇಳಾಪಟ್ಟಿಯೂ ಇಲ್ಲ. ಎದುರಿನ ಅಂಗಡಿಯ ಷಟರಿನ ನೆರಳಿಗೆ ಹೋಗಿ ನಿಂತರೆ, ಬಸ್ಸು ಕಂಡಾಗ ರಸ್ತೆ ದಾಟಿ ಓಡಬೇಕು. ಎಷ್ಟೋ ಹೊತ್ತು ಒಂದೂ ಬರುವುದಿಲ್ಲ, ಆಮೇಲೆ ಎರಡು ಒಂದರ ಹಿಂದೊಂದು ಬರುತ್ತವೆ. ಜನ ಇದಕ್ಕೆ ಡ್ರೈವರನ್ನು ಬೈಯುತ್ತಾರೆ. ತಪ್ಪು ಅವರದಲ್ಲ. ಒಂದು ಬಸ್ಸು ಎಲ್ಲಾದರೂ ಸಿಕ್ಕಿಕೊಂಡು ತಡವಾದರೆ ಮುಂದಿನ ನಿಲ್ದಾಣಗಳಲ್ಲಿ ಜನ ಹೆಚ್ಚು ಸೇರಿರುತ್ತಾರೆ. ಅವರೆಲ್ಲ ಹತ್ತಿ ಇಳಿಯುವಷ್ಟರಲ್ಲಿ ಅದು ಇನ್ನೂ ತಡವಾಗುತ್ತದೆ. ಹಿಂದಿನ ಬಸ್ಸಿಗೆ ಆ ದಾರಿಯಲ್ಲಿ ಜನವೇ ಉಳಿದಿರುವುದಿಲ್ಲ, ಹೀಗಾಗಿ ಅದು ಸರಾಗವಾಗಿ ಓಡಿಬಂದು ಮುಂದಿನದನ್ನು ಹಿಡಿಯುತ್ತದೆ. ಬಸ್ಸುಗಳು ಹೆಚ್ಚಿರುವ ದಾರಿಯಲ್ಲಿ ಇದು ಅಷ್ಟಾಗಿ ಕಾಡುವುದಿಲ್ಲ. ಕಡಿಮೆ ಇರುವಲ್ಲಿ ಒಂದು ತಪ್ಪಿದರೆ ಬೆಳಗೇ ಕೆಟ್ಟಿತು. ಸೂಪರ್ ಮಾರ್ಕೆಟ್‌ನಲ್ಲಿ ನಾನು ಇನ್ನೊಂದು ಬಸ್ಸಿಗೆ ಬದಲಿಸಬೇಕು, ಅಂದರೆ ಈ ಅನಿಶ್ಚಿತತೆ ದಿನಕ್ಕೆ ನಾಲ್ಕು ಸಲ.

ಟಂಟಂ ಈ ಸಂದಿನಲ್ಲಿಯೇ ಬದುಕುತ್ತದೆ. ಬಸ್ಸಿನ ಮುಂದೆ ಮುಂದೆ ಓಡುತ್ತಾ ಕಾದು ಬೇಸತ್ತವರನ್ನೆಲ್ಲ ತುಂಬಿಕೊಳ್ಳುತ್ತದೆ. ಕೈ ತೋರಿಸಿದಲ್ಲಿ ನಿಲ್ಲುತ್ತದೆ, ಹೇಳಿದಲ್ಲಿ ಇಳಿಸುತ್ತದೆ, ಹತ್ತಿಪ್ಪತ್ತು ರೂಪಾಯಿಯಲ್ಲಿ ಕೆಲಸ ಮುಗಿಯುತ್ತದೆ. ಕಣ್ಣಿ ಮಾರ್ಕೆಟ್‌ನಿಂದ ಎರಡು ಚೀಲ ಕಾಯಿಪಲ್ಯ ಹೊತ್ತುಕೊಂಡು ಬರುವಾಗ ನಾನು ಬೇರೇನನ್ನೂ ಯೋಚಿಸುವುದಿಲ್ಲ, ಟಂಟಂ ಹತ್ತುತ್ತೇನೆ. ಆದರೆ ಅದು ಹೊರಡುವುದು ತುಂಬಿದಾಗ. ನಾನು ಮೊದಲು ಹತ್ತಿದವಳಾದರೆ ಉಳಿದ ಜಾಗ ತುಂಬುವವರೆಗೆ ಒಳಗೆ ಬೇಯಬೇಕು. ಕೊನೆಗೆ ಹತ್ತಿದವಳಾದರೆ ಅಂಚಿನಲ್ಲಿ ಅರ್ಧ ಕೂತು ಕಂಬಿಯನ್ನು ಬಿಗಿಯಾಗಿ ಹಿಡಿಯಬೇಕು. ಡ್ರೈವರನ ಎರಡೂ ಪಕ್ಕಕ್ಕೆ ಕಾಲೇಜು ಹುಡುಗರು ಜೋತುಬಿದ್ದಿರುತ್ತಾರೆ. ಅವನು ಹ್ಯಾಂಡಲನ್ನು ಹೇಗೆ ತಿರುಗಿಸುತ್ತಾನೋ ಎಂದು ನನ್ನ ಜೀವ ಪ್ರತಿ ತಿರುವಿನಲ್ಲೂ ಕೈಯಲ್ಲಿರುತ್ತದೆ. ಚಾಚಾ ತೂಕ ನೋಡಿ ಕೂರಿಸುತ್ತಿದ್ದದ್ದು ನೆನಪಾಗುವುದು ಆಗಲೇ.

ಆಟೊದ ಬಗ್ಗೆ ಹೇಳುವುದು ಕಡಿಮೆ. ಮೀಟರ್ ಹಾಕುವವರು ನನಗೆ ಸಿಕ್ಕಿಲ್ಲ, ಹತ್ತುವ ಮೊದಲೇ ಮಾತಾಡಿಕೊಳ್ಳಬೇಕು. ಮಳೆ ಬಂದರೆ, ಕತ್ತಲಾದರೆ ದರ ಏರುತ್ತದೆ. ಶರಣಬಸವೇಶ್ವರ ಜಾತ್ರೆಯ ತೇರಿನ ದಿನ, ಬಂದೇನವಾಜ್ ದರ್ಗಾದ ಉರುಸಿನ ಸಂದಲ್ ಮೆರವಣಿಗೆ ಹೊರಡುವ ದಿನ ಬಸ್ಸುಗಳು ಸುತ್ತು ಹಾಕುತ್ತವೆ. ಒಳದಾರಿಗಳನ್ನೆಲ್ಲ ಬಲ್ಲ ಆಟೊದವರಿಗೆ ಆಗ ಕೇಳಿದಷ್ಟು ಕೊಡಬೇಕು. ಆದರೂ ಒಂದು ಮಾತು ಒಪ್ಪುತ್ತೇನೆ: ಅವ್ವನನ್ನು ಆಸ್ಪತ್ರೆಗೆ ಕರೆದೊಯ್ಯುವಾಗ, ಸೊಲ್ಲಾಪುರದ ಕಡೆಯಿಂದ ರಾತ್ರಿ ರೈಲಿಗೆ ಬಂದ ನೆಂಟರನ್ನು ಮನೆಗೆ ಮುಟ್ಟಿಸುವಾಗ ಆಟೊದವರೇ ಆಗಿಬಂದಿದ್ದಾರೆ. ಅವ್ವನ ಕೈಹಿಡಿದು ಇಳಿಸಿ, ಬಾಗಿಲವರೆಗೆ ಚೀಲ ತಂದಿಟ್ಟವರಿದ್ದಾರೆ.

ಇನ್ನು ಸ್ಕೂಟರ್. ನನ್ನ ಅಳತೆಯಲ್ಲಿ ಗೆಲ್ಲುವುದು ಅದೇ. ಹೊರಟರೆ ತಲುಪುವ ಹೊತ್ತನ್ನು ಐದು ನಿಮಿಷದ ಅಂತರದಲ್ಲಿ ಹೇಳಬಲ್ಲೆ. ಹೀಗಿದ್ದೂ ಇದನ್ನು ಎಲ್ಲರಿಗೂ ಹೇಳಲು ನನಗೆ ಮನಸ್ಸಿಲ್ಲ. ಮಧ್ಯಾಹ್ನ ಬಿಸಿಲಲ್ಲಿ ನಿಂತ ಸ್ಕೂಟರಿನ ಸೀಟಿನ ಮೇಲೆ ಕೂರಲಾಗುವುದಿಲ್ಲ. ಮುಖಕ್ಕೆ ದುಪಟ್ಟಾ, ಅದರ ಮೇಲೆ ಹೆಲ್ಮೆಟ್, ಕೈಗೆ ತೋಳಿನವರೆಗಿನ ಗವಸು ಹಾಕಿಕೊಂಡರೂ ಬಿಸಿಗಾಳಿ ಬಿಡುವುದಿಲ್ಲ. ರಸ್ತೆಯ ಗುಂಡಿ, ಒಮ್ಮೆಲೇ ಅಡ್ಡ ತಿರುಗುವ ಟಂಟಂ, ಎದುರಿನಿಂದ ತಪ್ಪು ಬದಿಯಲ್ಲಿ ಬರುವ ಬೈಕುಗಳು. ಕಚೇರಿ ತಲುಪುವ ಹೊತ್ತಿಗೆ ಹೆಗಲು ಗಟ್ಟಿಯಾಗಿರುತ್ತದೆ. ಬಸ್ಸಿನಲ್ಲಿ ಪಕ್ಕದವರೊಡನೆ ತೊಗರಿಯ ದರವನ್ನೋ ಮಗಳ ಪರೀಕ್ಷೆಯನ್ನೋ ಮಾತಾಡುತ್ತಾ ಹೋದ ದಿನ ಹಾಗಾಗುವುದಿಲ್ಲ. ಅವ್ವ ಸ್ಕೂಟರಿನ ಹಿಂದೆ ಕೂರುವುದೂ ಇಲ್ಲ.

ಹೀಗಾಗಿ ಈಗ ಬೆಳಿಗ್ಗೆ ಬೇಗ ಹೊರಡುವ ದಿನ ಬಸ್ಸು, ಏಕೆಂದರೆ ಆ ಹೊತ್ತಿಗೆ ರಸ್ತೆ ತೆರವಾಗಿದ್ದು ಬಸ್ಸುಗಳು ಅಂತರ ಕಾಯ್ದುಕೊಂಡು ಬರುತ್ತವೆ. ಸಂತೆಗೆ ಟಂಟಂ. ಅವ್ವ ಜೊತೆಗಿದ್ದು ಹೊತ್ತಾದರೆ ಆಟೊ. ಮೀಟಿಂಗ್ ಇರುವ ದಿನ, ಸಂಜೆ ತಡವಾಗುವ ದಿನ ಸ್ಕೂಟರ್. ಒಬ್ಬಳು ಹೆಂಗಸು ಒಂದೇ ಊರಿನಲ್ಲಿ ನಾಲ್ಕು ಬಗೆಯ ಏರ್ಪಾಡು ಮಾಡಿಕೊಳ್ಳಬೇಕಾದದ್ದು ನನಗೆ ಸರಿಯೆನಿಸುವುದಿಲ್ಲ. ನಾನು ಕೇಳುವುದು ಹವಾನಿಯಂತ್ರಿತ ಬಸ್ಸನ್ನಲ್ಲ. ನಿಲ್ದಾಣಕ್ಕೆ ಒಂದು ತಗಡಿನ ನೆರಳು ಬೇಕು. ಬಸ್ಸಿನ ಸಮಯವನ್ನು ಕನ್ನಡದಲ್ಲೂ ಉರ್ದುವಿನಲ್ಲೂ ಬರೆದ ಹಲಗೆ ಬೇಕು. ಆ ಹಲಗೆಯ ಮಾತಿಗೆ ತಪ್ಪದೆ ಸಂಜೆ ಎಂಟರ ನಂತರವೂ ಓಡುವ ಬಸ್ಸು ಬೇಕು. ಅಷ್ಟು ಸಿಕ್ಕಿದ ದಿನವೇ ಸ್ಕೂಟರನ್ನು ಮಾರಿಬಿಡುತ್ತೇನೆ.