ಕೀಲೆಸ್ ಕಾರು, ನಾಲ್ಕೂವರೆ ವರ್ಷ: ಬ್ಯಾಟರಿ ಎರಡು ಸಲ ಕೈ ಕೊಟ್ಟ ಮೇಲೆ

2021ರ ಜನವರಿಯಲ್ಲಿ ಈ ಕಾರು ಮನೆಗೆ ಬಂತು. ಪೆಟ್ರೋಲ್, ಮ್ಯಾನ್ಯುಯಲ್ ಗೇರ್, ಬಟನ್ ಸ್ಟಾರ್ಟ್, ಕೀಲೆಸ್ ಎಂಟ್ರಿ. ಅಂದರೆ ರಿಮೋಟ್ ಚೀಲದಲ್ಲಿದ್ದರೆ ಸಾಕು, ಕೀ ತೂರಿಸದೆ ಗುಂಡಿ ಒತ್ತಿಯೇ ಬಾಗಿಲು ತೆಗೆಯಬಹುದು, ಕಾರು ಸ್ಟಾರ್ಟ್ ಮಾಡಬಹುದು. ಈವರೆಗೆ 46,000 ಕಿಲೋಮೀಟರ್ ಓಡಿದೆ. ಹೆಚ್ಚಿನದು ಶಿವಮೊಗ್ಗದ ಒಳಗೇ, ಉಳಿದದ್ದು ಅಮ್ಮನನ್ನು ಮಣಿಪಾಲದ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಬಂದದ್ದು. ಮೈಲೇಜು, ಸೀಟು, ಎಸಿ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ನಾನು ಬರೆಯುತ್ತಿರುವುದು ಬ್ಯಾಟರಿ ಡೌನ್ ಆದಾಗ ಕೀಲೆಸ್ ಕಾರು ಏನು ಮಾಡುತ್ತದೆ, ಆಗ ನಮ್ಮ ಕೈಲಿ ಏನು ಇರಬೇಕು ಅನ್ನುವುದರ ಬಗ್ಗೆ. ಜೊತೆಗೆ ಆಮೇಲೆ ಕೊಂಡ ಜಂಪ್ ಸ್ಟಾರ್ಟರ್, ಅಂದರೆ ಬ್ಯಾಟರಿ ಇಳಿದ ಕಾರನ್ನು ಸ್ಟಾರ್ಟ್ ಮಾಡಿಸುವ ಚಿಕ್ಕ ಚಾರ್ಜ್ ಪೆಟ್ಟಿಗೆಯ ಬಗ್ಗೆಯೂ.

ಮೊದಲ ಸಲ ಆಗಿದ್ದು 2021ರ ಲಾಕ್‌ಡೌನ್‌ನಲ್ಲಿ. ಏಪ್ರಿಲ್ ಕೊನೆಗೆ ನಿಲ್ಲಿಸಿದ ಕಾರನ್ನು ಮೇ ಕೊನೆಯವರೆಗೆ ಮುಟ್ಟಿರಲಿಲ್ಲ. ಒಂದು ಬೆಳಿಗ್ಗೆ ಅಮ್ಮನ ಮಾತ್ರೆ ತರಲು ಹೊರಟೆ. ರಿಮೋಟ್ ಚೀಲದಲ್ಲೇ ಇತ್ತು, ಹ್ಯಾಂಡಲ್ ಮೇಲಿನ ಗುಂಡಿ ಒತ್ತಿದೆ. ಸದ್ದೇ ಇಲ್ಲ. ರಿಮೋಟ್ ತೆಗೆದು ಒತ್ತಿದೆ. ಇಂಡಿಕೇಟರ್ ಮಿನುಗಲಿಲ್ಲ. ರಿಮೋಟಿನ ಸೆಲ್ ಹೋಗಿರಬೇಕು ಅಂದುಕೊಂಡು ಗಡಿಯಾರಕ್ಕೆಂದು ತಂದಿಟ್ಟಿದ್ದ ಸಿಆರ್2032 ಸೆಲ್ ಹಾಕಿದೆ. ಆಗಲೂ ಇಲ್ಲ. ಕಾರು ಕಣ್ಣೆದುರೇ ಇದೆ, ಅದರ ಕೀ ಕೈಯಲ್ಲೇ ಇದೆ, ಒಳಗೆ ಹೋಗಲು ಮಾತ್ರ ದಾರಿ ಇಲ್ಲ. ಬಾಗಿಲಲ್ಲಿ ಕೀ ತೂರಿಸಲು ತೂತೇ ಕಾಣುವುದಿಲ್ಲ ನೋಡಿ.

ಪಕ್ಕದ ಮನೆಯ ಅಂಕಲ್ ಕಾಂಪೌಂಡಿನ ಆಚೆಯಿಂದಲೇ ಹೇಳಿದರು: "ರಿಮೋಟ್ ಒಳಗೆ ಕಬ್ಬಿಣದ ಕೀ ಇರುತ್ತಮ್ಮ, ಪಕ್ಕದಲ್ಲಿ ಚಿಕ್ಕ ಗುಂಡಿ ನೋಡು." ಇತ್ತು. ಉಗುರಿನಷ್ಟು ಚಿಕ್ಕ ಗುಂಡಿ. ಅದನ್ನು ಸರಿಸಿ ಎಳೆದರೆ ಬೆರಳುದ್ದದ ಕೀ ಹೊರಗೆ ಬಂತು. ಇನ್ನು ತೂತು ಹುಡುಕಬೇಕಿತ್ತು. ಡ್ರೈವರ್ ಬಾಗಿಲಿನ ಹ್ಯಾಂಡಲ್ ಹಿಂದಿನ ತುದಿಯಲ್ಲಿ ಕಾರಿನದೇ ಬಣ್ಣದ ಒಂದು ಪ್ಲಾಸ್ಟಿಕ್ ಮುಚ್ಚಳ. ಅದರ ಕೆಳಗಡೆ, ಬಗ್ಗಿ ನೋಡಿದರೆ ಮಾತ್ರ ಕಾಣುವ ಸಣ್ಣ ಸೀಳು. ಹ್ಯಾಂಡಲ್ ಎಳೆದು ಹಿಡಿದು, ಕೀ ತುದಿಯನ್ನು ಆ ಸೀಳಿಗೆ ಕೊಟ್ಟು ಮೀಟಿದರೆ ಮುಚ್ಚಳ ಪಟ್ ಅಂತ ಕಳಚಿ ಬರುತ್ತದೆ. ಒಳಗೆ ಮಾಮೂಲಿ ತೂತು. ಅಲ್ಲಿಯವರೆಗೆ ಒಮ್ಮೆಯೂ ತಿರುಗಿಸದ ಕಾರಣ ಕೀ ಬಿಗಿಯಾಗಿತ್ತು. ಎರಡು ಕೈ ಹಾಕಿ ತಿರುಗಿಸಿದೆ. ಬಾಗಿಲು ತೆರೆಯಿತು, ಆದರೆ ಒಳಗಿನ ಲೈಟ್ ಹತ್ತಲಿಲ್ಲ.

ಆ ಲೈಟನ್ನು ನೆನಪಿಟ್ಟುಕೊಳ್ಳಿ. ಕೀ ತಿರುಗಿಸಿ ಬಾಗಿಲು ತೆಗೆದಾಗ ಒಳಗಿನ ಲೈಟ್ ಚೆನ್ನಾಗಿ ಹತ್ತಿದರೆ ಕಾರಿನ ಬ್ಯಾಟರಿ ಸರಿ ಇದೆ, ರಿಮೋಟಿನ ಸೆಲ್ ಮಾತ್ರ ಹೋಗಿದೆ ಅಂತ. ಆಗ ರಿಮೋಟನ್ನೇ ಸ್ಟಾರ್ಟ್ ಬಟನ್‌ಗೆ ತಾಗಿಸಿ, ಕ್ಲಚ್ ತುಳಿದು ಒತ್ತಿದರೆ ನನ್ನ ಕಾರು ಸ್ಟಾರ್ಟ್ ಆಗುತ್ತದೆ. ರಿಮೋಟಿನೊಳಗೆ ಸೆಲ್ ಇಲ್ಲದೆಯೂ ಕೆಲಸ ಮಾಡುವ ಒಂದು ಚಿಪ್ ಇರುತ್ತದೆ, ಅದಕ್ಕೆ ಬೇಕಾದ ಚೂರು ಕರೆಂಟನ್ನು ಕಾರೇ ಕೊಡುತ್ತದೆ. ಕೆಲವು ಕಾರುಗಳಲ್ಲಿ ರಿಮೋಟ್ ಇಡಲು ಬೇರೆ ಜಾಗ ಇರುತ್ತದೆ, ಕಾರಿನ ಪುಸ್ತಕದಲ್ಲಿ ಚಿತ್ರ ಕೊಟ್ಟಿರುತ್ತಾರೆ. ಲೈಟ್ ಹತ್ತದೇ ಇದ್ದರೆ ಸೆಲ್ ಬದಲಾಯಿಸಿ ಏನೂ ಪ್ರಯೋಜನ ಇಲ್ಲ.

ಅಂಕಲ್ ತಮ್ಮ ಕಾರು ತಂದು ಕೇಬಲ್ ಹಾಕಿದರು. ಕೆಂಪು ಮೊದಲು ನಮ್ಮ ಬ್ಯಾಟರಿಯ ಪ್ಲಸ್‌ಗೆ, ಆಮೇಲೆ ಅವರದರ ಪ್ಲಸ್‌ಗೆ. ಕಪ್ಪು ಅವರದರ ಮೈನಸ್‌ಗೆ, ಕೊನೆಯ ಕ್ಲಿಪ್ಪು ನಮ್ಮ ಎಂಜಿನ್ನಿನ ಮೇಲೆ ಬಣ್ಣ ಇಲ್ಲದ ಒಂದು ಕಬ್ಬಿಣದ ಭಾಗಕ್ಕೆ. ಬ್ಯಾಟರಿಯಿಂದ ಸ್ವಲ್ಪ ದೂರದಲ್ಲಿ ಹಾಕಬೇಕು, ಯಾಕೆಂದರೆ ಕೊನೆಯ ಕ್ಲಿಪ್ ಹಾಕುವಾಗ ಕಿಡಿ ಹಾರುತ್ತದೆ, ಬ್ಯಾಟರಿಯಿಂದ ಹೈಡ್ರೋಜನ್ ಗ್ಯಾಸ್ ಬರುತ್ತಿರಬಹುದು. ಸಿಗ್ನಲ್‌ನಲ್ಲಿ ತಾನಾಗೇ ಎಂಜಿನ್ ಆಫ್ ಆಗುವ ಹೊಸ ಕಾರುಗಳಲ್ಲಿ ಮೈನಸ್ ಟರ್ಮಿನಲ್ ಮೇಲೆ ಒಂದು ಸೆನ್ಸರ್ ಕೂತಿರುತ್ತದೆ, ಅವಕ್ಕಂತೂ ಮೈನಸ್‌ಗೆ ನೇರವಾಗಿ ಹಾಕಲೇಬಾರದು. ಕರೆಂಟ್ ಬಂದ ಕೂಡಲೇ ಅಲಾರಂ ಬೀದಿಗೆಲ್ಲ ಕೇಳುವ ಹಾಗೆ ಕೂಗತೊಡಗಿತು. ಕೀಯಿಂದ ಬಾಗಿಲು ತೆಗೆದದ್ದನ್ನು ಕಳ್ಳತನ ಅಂತ ತಿಳಿದುಕೊಳ್ಳುತ್ತದೆ. ರಿಮೋಟಿನ ಅನ್‌ಲಾಕ್ ಒತ್ತಿದರೆ ನಿಲ್ಲುತ್ತದೆ. ಗಾಬರಿಯಾಗಿ ಕ್ಲಿಪ್ ಕಿತ್ತುಬಿಡಬೇಡಿ.

ಹೊಸ ಬ್ಯಾಟರಿ ಒಂದು ತಿಂಗಳಲ್ಲಿ ಯಾಕೆ ಇಳಿಯಿತು? ನನ್ನ ಮೆಕ್ಯಾನಿಕ್ ಅಳೆದು ತೋರಿಸಿದರು. ಲಾಕ್ ಮಾಡಿ ನಿಲ್ಲಿಸಿದಾಗಲೂ ಕಾರು ಸುಮಾರು 40 ಮಿಲಿ ಆಂಪಿಯರ್ ಎಳೆಯುತ್ತಿತ್ತು. ಅಲಾರಂ, ಗಡಿಯಾರ, ರಿಮೋಟ್ ಬಂತಾ ಅಂತ ಕಾಯುವ ರಿಸೀವರ್, ಎಲ್ಲ ಸೇರಿ. 50 ಮಿಲಿ ಆಂಪಿಯರ್ ಒಳಗಿದ್ದರೆ ಮಾಮೂಲಿ ಅಂದರು. ಲೆಕ್ಕ ಹಾಕಿದರೆ ದಿನಕ್ಕೆ ಸುಮಾರು 1 ಆಂಪಿಯರ್ ಅವರ್, ಅಂದರೆ ಒಂದು ಆಂಪಿಯರನ್ನು ಒಂದು ಗಂಟೆ ಎಳೆದಷ್ಟು. ನನ್ನದು 35 ಆಂಪಿಯರ್ ಅವರ್ ಬ್ಯಾಟರಿ. ತಿಂಗಳು ನಿಂತರೆ ಉಳಿಯುವುದು ಏನು? ಇನ್ನೊಂದು ತಪ್ಪು ನನ್ನದೇ. ರಿಮೋಟನ್ನು ಪೋರ್ಟಿಕೋ ಗೋಡೆಯ ಒಳಬದಿಯ ಮೊಳೆಗೆ ನೇತುಹಾಕುತ್ತಿದ್ದೆ. ಕಾರಿನಿಂದ ಮೂರಡಿ. ಅಷ್ಟು ಹತ್ತಿರ ಇದ್ದರೆ ಎರಡೂ ಒಂದನ್ನೊಂದು ಮಾತಾಡಿಸುತ್ತಲೇ ಇರಬಹುದು ಅಂದರು. ಈಗ ಅದು ಅಡುಗೆಮನೆಯ ಡಬ್ಬದ ಪಕ್ಕ ಇರುತ್ತದೆ. ರಿಮೋಟಿನ ಸೆಲ್ ಈಗ ಎರಡು ವರ್ಷದ ಹತ್ತಿರ ಬರುತ್ತಿದೆ.

ಆ ವರ್ಷವೇ 4,500 ರೂಪಾಯಿ ಕೊಟ್ಟು ಲಿಥಿಯಂ ಜಂಪ್ ಸ್ಟಾರ್ಟರ್ ತಗೊಂಡೆ. ದಪ್ಪ ಪುಸ್ತಕದಷ್ಟು ದೊಡ್ಡದು, ಅರ್ಧ ಕೆಜಿ ತೂಕ. ಇನ್ನೊಂದು ಕಾರು ಬೇಡ, ಯಾರನ್ನೂ ಕಾಯಬೇಕಿಲ್ಲ. ಒಬ್ಬಳೇ ಓಡಾಡುವ ನನಗೆ ಅದೇ ದೊಡ್ಡ ವಿಷಯ.

ಎರಡನೇ ಸಲ, 2023ರ ಡಿಸೆಂಬರ್. ಅಮ್ಮನನ್ನು ಮಣಿಪಾಲದಲ್ಲಿ ನಾಲ್ಕು ದಿನ ಅಡ್ಮಿಟ್ ಮಾಡಿದ್ದೆವು. ಡಿಸ್ಚಾರ್ಜ್ ಆಗಿ, ಅಮ್ಮ ವೀಲ್‌ಚೇರಿನಲ್ಲಿ ಕೂತು ಕಾಯುತ್ತಿದ್ದಾರೆ, ನಾನು ಪಾರ್ಕಿಂಗ್‌ಗೆ ಹೋದರೆ ಕಾರು ಮತ್ತೆ ಸತ್ತಿದೆ. ಈ ಸಲ ಕೀ ತಿರುಗಿಸಿ ಒಳಗೆ ಹೋಗಲು ಒಂದು ನಿಮಿಷವೂ ಆಗಲಿಲ್ಲ. ಜಂಪ್ ಸ್ಟಾರ್ಟರ್ ತೆಗೆಯೋಣ ಅಂದರೆ ಅದು ಡಿಕ್ಕಿಯಲ್ಲಿ. ಡಿಕ್ಕಿ ತೆಗೆಯುವುದು ಕರೆಂಟ್ ಸ್ವಿಚ್ಚಿನಿಂದ, ಅದಕ್ಕೆ ಕೀ ತೂತು ಇಲ್ಲ!

ಅಲ್ಲಿದ್ದ ಇಬ್ಬರು ಹುಡುಗರು ತಳ್ಳಲು ಮುಂದೆ ಬಂದರು. ಒಬ್ಬ ಟ್ಯಾಕ್ಸಿ ಡ್ರೈವರ್ ತಡೆದರು. "ಇದು ದೂಡಿದ್ರೆ ಆಗುದಿಲ್ಲ ಅಕ್ಕ, ಕರೆಂಟೇ ಇಲ್ಲ ಅಲ್ವಾ ಇದ್ರಲ್ಲಿ." ಅವರು ಹೇಳಿದ್ದು ಸರಿ. ಬ್ಯಾಟರಿ ಪೂರ್ತಿ ಸತ್ತಿದ್ದರೆ ಇಗ್ನಿಷನ್ನೇ ಆನ್ ಆಗುವುದಿಲ್ಲ, ಪೆಟ್ರೋಲ್ ಪಂಪು ಓಡುವುದಿಲ್ಲ, ಸ್ಟೀರಿಂಗ್ ಲಾಕ್ ಕೂಡ ಬಿಡದೇ ಇರಬಹುದು. ಕ್ಲಚ್ ಇಲ್ಲದ ಆಟೋಮ್ಯಾಟಿಕ್ ಕಾರಾದರೆ ತಳ್ಳುವ ಮಾತೇ ಇಲ್ಲ. ಹಿಂದಿನ ಸೀಟಿನ ಒರಗು ಮಡಚಿ, ಅಮ್ಮನ ಬಟ್ಟೆಯ ಬ್ಯಾಗ್ ಪಕ್ಕಕ್ಕೆ ತಳ್ಳಿ, ಮೊಣಕೈ ಊರಿ ಒಳಗೆ ಬಗ್ಗಿ ಕತ್ತಲಲ್ಲಿ ತಡಕಾಡಿ ಆ ಪೆಟ್ಟಿಗೆ ಎಳೆದುಕೊಂಡೆ. ಬಾನೆಟ್ ಸದ್ಯ ತಂತಿಯಿಂದ ತೆರೆಯುವುದು, ಅದಕ್ಕೆ ಕರೆಂಟ್ ಬೇಡ.

ಕ್ಲಿಪ್ ಹಾಕಿದರೆ ಕೆಂಪು ಲೈಟ್ ಮಿನುಗಿತು. ಬ್ಯಾಟರಿ ತೀರಾ ಇಳಿದಿದ್ದರೆ ಈ ಪೆಟ್ಟಿಗೆಗೆ ಅಲ್ಲಿ ಬ್ಯಾಟರಿ ಇದೆ ಅಂತಲೇ ಗೊತ್ತಾಗುವುದಿಲ್ಲ. ಬೂಸ್ಟ್ ಗುಂಡಿಯನ್ನು ಮೂರು ಸೆಕೆಂಡ್ ಒತ್ತಿ ಹಿಡಿಯಬೇಕು. ಹಾಗೆ ಒತ್ತಿದಾಗ ಪ್ಲಸ್ ಮೈನಸ್ ಅದಲು ಬದಲಾದರೆ ಕಾಪಾಡುವ ವ್ಯವಸ್ಥೆ ಆಫ್ ಆಗಿರುತ್ತದೆ, ಅದಕ್ಕೇ ಎರಡೆರಡು ಸಲ ನೋಡಿಕೊಂಡೆ. ಎರಡನೇ ಸಲಕ್ಕೆ ಎಂಜಿನ್ ಹತ್ತಿಕೊಂಡಿತು. ದಾರಿಯಲ್ಲಿ ಎಂಜಿನ್ ಆಫ್ ಮಾಡಲೇ ಇಲ್ಲ. ಘಾಟಿ ಹತ್ತಿ ಬಂದು ಆಗುಂಬೆಯಲ್ಲಿ ಅಮ್ಮ ಟೀ ಕೇಳಿದರು, ಅಂಗಡಿಯವರು ಕಾರಿಗೇ ತಂದುಕೊಟ್ಟರು.

ಕಾರಣ ಶಿವಮೊಗ್ಗಕ್ಕೆ ಬಂದ ಮೇಲೆ ಸಿಕ್ಕಿತು. ಒಂದು ಅಂಗಡಿಯಲ್ಲಿ ಡ್ಯಾಶ್‌ಕ್ಯಾಮ್ (ದಾರಿಯನ್ನು ರೆಕಾರ್ಡ್ ಮಾಡುವ ಕ್ಯಾಮೆರಾ) ಹಾಕಿಸಿದ್ದೆ. ಅದರ ವೈರನ್ನು ಸದಾ ಕರೆಂಟ್ ಇರುವ ಫ್ಯೂಸಿಗೆ ಕೊಟ್ಟಿದ್ದರು, ಬ್ಯಾಟರಿ ಇಳಿದಾಗ ತಾನಾಗೇ ಆಫ್ ಆಗುವ ಕಿಟ್ ಹಾಕಿರಲಿಲ್ಲ. ಕಾಲು ಆಂಪಿಯರ್ ಅಂದರೂ ನಾಲ್ಕು ದಿನಕ್ಕೆ 24 ಆಂಪಿಯರ್ ಅವರ್. ಮೂರು ವರ್ಷ ಹಳೆಯ ಬ್ಯಾಟರಿ ತಡೆದುಕೊಳ್ಳಲು ಅದು ಜಾಸ್ತಿಯೇ. ಕಿಟ್ ಹಾಕಿಸಿದೆ. ಬ್ಯಾಟರಿ ರಾತ್ರಿಯಿಡೀ ಚಾರ್ಜ್ ಮಾಡಿದರೂ ಬೆಳಿಗ್ಗೆ 12.1 ವೋಲ್ಟ್ ತೋರಿಸಿತು, ಚೆನ್ನಾಗಿರುವುದಾದರೆ 12.6ರ ಹತ್ತಿರ ಇರಬೇಕು. ಜೋರಾಗಿ ಕರೆಂಟ್ ಎಳೆದು ನೋಡುವ ಲೋಡ್ ಟೆಸ್ಟ್‌ನಲ್ಲೂ ನಿಲ್ಲಲಿಲ್ಲ. 2024ರ ಜನವರಿಯಲ್ಲಿ ಹಳೆಯದನ್ನು ಕೊಟ್ಟು, ಮೇಲೆ 4,200 ರೂಪಾಯಿ ಕೊಟ್ಟು ಹೊಸದು ಹಾಕಿಸಿದೆ. ಬ್ಯಾಟರಿ ಬಿಚ್ಚಿದ್ದರಿಂದ ಕಿಟಕಿ ಒಂದೇ ಒತ್ತಿಗೆ ತಾನಾಗೇ ಪೂರ್ತಿ ಏರುವುದನ್ನು ಮರೆತಿತ್ತು, ಗಾಜು ಪೂರ್ತಿ ಏರಿಸಿ ಸ್ವಿಚ್ಚನ್ನು ಕೆಲವು ಸೆಕೆಂಡ್ ಹಾಗೇ ಹಿಡಿದ ಮೇಲೆ ಸರಿಹೋಯಿತು.

ಕೀಲೆಸ್‌ಗೆ ನಾನು 5ಕ್ಕೆ 4 ಕೊಡುತ್ತೇನೆ. ಮಳೆಯಲ್ಲಿ ಒಂದು ಕೈಯಲ್ಲಿ ಛತ್ರಿ, ಇನ್ನೊಂದು ಕೈಯಲ್ಲಿ ಅಮ್ಮನ ತೋಳು ಹಿಡಿದಾಗ ಚೀಲದಿಂದ ಕೀ ತೆಗೆಯಬೇಕಿಲ್ಲ ಅನ್ನುವುದು ಎಷ್ಟು ದೊಡ್ಡ ಸಹಾಯ ಅಂತ ನನಗೆ ಗೊತ್ತು. ಒಂದು ಅಂಕ ಕಳೆದದ್ದು ಶೋರೂಮಿನವರಿಗೆ. ಡೆಲಿವರಿ ದಿನ ಫೋನಿಗೆ ಬ್ಲೂಟೂತ್ ಜೋಡಿಸುವುದನ್ನು ಅರ್ಧ ಗಂಟೆ ಹೇಳಿಕೊಟ್ಟರು. ಕೀ ತೂತು ಎಲ್ಲಿದೆ ಅಂತ ತೋರಿಸಲು ಎರಡು ನಿಮಿಷ ಸಾಕಿತ್ತು, ತೋರಿಸಲಿಲ್ಲ. ನಮ್ಮ ಶಾಲೆಯ ಟೀಚರ್ ಒಬ್ಬರು ಮೊನ್ನೆ ಕೀಲೆಸ್ ಕಾರು ತಗೊಂಡರು. ಮಧ್ಯಾಹ್ನ ಊಟದ ಬಿಡುವಿನಲ್ಲಿ ಅವರನ್ನು ಕಾರಿನ ಹತ್ತಿರ ಕರೆದುಕೊಂಡು ಹೋಗಿ ಮುಚ್ಚಳ ತೆಗೆಸಿ, ಕೀ ತಿರುಗಿಸಿ ನೋಡಿಸಿದೆ. ಅವರದು ನನ್ನದಕ್ಕಿಂತ ಸಡಿಲ ಇದೆ.

ಜಂಪ್ ಸ್ಟಾರ್ಟರ್‌ಗೂ 4. ನನಗೆ ಒಂದು ಸಲ, ಬೇರೆಯವರಿಗೆ ಐದು ಸಲ ಉಪಯೋಗಕ್ಕೆ ಬಂದಿದೆ. ಮೊದಲು ಮೂರು ತಿಂಗಳು ಬಿಟ್ಟು ನೋಡಿದರೂ ಚಾರ್ಜ್ ತೋರಿಸುವ ನಾಲ್ಕು ಲೈಟ್ ಇರುತ್ತಿತ್ತು, ಈಗ ಎರಡೇ. ಅದಕ್ಕೇ ತಿಂಗಳಿಗೊಮ್ಮೆ ಚಾರ್ಜ್ ಮಾಡುತ್ತೇನೆ. ಬಿಸಿಲಿಗೆ ನಿಂತ ಕಾರಿನಲ್ಲಿ ಲಿಥಿಯಂ ಬಿಡಬಾರದು, ಊರಲ್ಲಿದ್ದಾಗ ಮನೆಯೊಳಗೆ ಇಡುತ್ತೇನೆ. ಮಣಿಪಾಲಕ್ಕೆ ಹೊರಟ ದಿನ ಮುಂದಿನ ಸೀಟಿನ ಕೆಳಗೆ. ಪೆಟ್ಟಿಗೆ ಇನ್ನೂ ಉಬ್ಬಿಲ್ಲ, ಉಬ್ಬಿದ ದಿನವೇ ಬದಲಾಯಿಸುತ್ತೇನೆ.