ಚೊಂಗ್‌ಚಿಂಗ್‌ನಲ್ಲಿ ಸುಜುಕಿ ಡಿಎಲ್ 250: ವಿದೇಶಿ ಮಾಲೀಕನ ಐದು ವರ್ಷ

ಚೀನಾದ ಚೊಂಗ್‌ಚಿಂಗ್‌ನಲ್ಲಿ ಬಿಡಿಭಾಗಗಳ ಗುಣಮಟ್ಟ ಪರೀಕ್ಷಿಸುವ ಕೆಲಸದಲ್ಲಿದ್ದಾಗ, 2019ರ ಸೆಪ್ಟೆಂಬರಿನಲ್ಲಿ ನನ್ನ ಸ್ವಂತ ಹೆಸರಿನಲ್ಲಿ ಸುಜುಕಿ ಡಿಎಲ್ 250 ಬೈಕನ್ನು ಕೊಂಡೆ. 2024ರ ಆಗಸ್ಟಿನಲ್ಲಿ ಮಾರಿದಾಗ ಅದು 41,000 ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು ಓಡಿತ್ತು. ಬೈಕಿನ ಬಗ್ಗೆ ನನಗೆ ದೂರುಗಳಿಲ್ಲ. ಆದರೆ ಆ ದೇಶದಲ್ಲಿ ವಿದೇಶಿಯೊಬ್ಬನ ಬೈಕಿನ ಸುಖದುಃಖಗಳನ್ನು ಎಂಜಿನ್ನಿಗಿಂತ ಹೆಚ್ಚಾಗಿ ಊರು ಮತ್ತು ಕಾಗದಪತ್ರಗಳು ನಿರ್ಧರಿಸುತ್ತವೆ ಎಂಬುದು ನನ್ನ ಖಚಿತ ಅಭಿಪ್ರಾಯ. ಹಾಗಾಗಿ ಈ ವಿಮರ್ಶೆಯಲ್ಲಿ ಅವುಗಳಿಗೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ಮೊದಲು ಊರಿನ ಮಾತು. ಗುವಾಂಗ್‌ಝೌ ನಗರ 2007ರಿಂದಲೇ ಬೈಕುಗಳನ್ನು ನಿಷೇಧಿಸಿದೆ. ಬೀಜಿಂಗ್‌ನಲ್ಲಿ 'ಜಿಂಗ್ ಬಿ' ಎಂಬ ನೋಂದಣಿ ಸಂಖ್ಯೆಯ ಫಲಕದ ಬೈಕು ನಾಲ್ಕನೆಯ ವರ್ತುಲ ರಸ್ತೆಯ ಒಳಗೆ ಬರುವಂತಿಲ್ಲ. ಒಳಗೆ ಓಡಿಸಲು ಬೇಕಾದ 'ಜಿಂಗ್ ಎ' ಫಲಕದ ಬೆಲೆಯೇ ಬೈಕಿನ ಬೆಲೆಯನ್ನು ಮೀರುತ್ತದೆ. ಚೊಂಗ್‌ಚಿಂಗ್ ಬೈಕು ತಯಾರಿಕೆಯ ತವರು: ಲೋನ್ಸಿನ್, ಝೋಂಗ್‌ಶೆನ್, ಲಿಫಾನ್ ಮೂರೂ ಹುಟ್ಟಿದ್ದು ಅಲ್ಲಿ. ಕೆಲವು ಶೀಘ್ರಪಥಗಳನ್ನು ಬಿಟ್ಟರೆ ಬೈಕು ಸವಾರರಿಗೆ ಊರು ತೆರೆದೇ ಇದೆ. ಚೀನಾಕ್ಕೆ ಕೆಲಸಕ್ಕೆ ಹೊರಟವರು ಬೈಕು ಬೇಕೆಂದಿದ್ದರೆ, ಯಾವ ಬೈಕು ಎಂದು ಯೋಚಿಸುವ ಮೊದಲು ಆ ಊರಿನ ನಿಯಮವನ್ನು ವಿಚಾರಿಸಬೇಕು.

ಎರಡನೆಯದು ಚಾಲನಾ ಪರವಾನಗಿ. ನಮ್ಮ ಆರ್‌ಟಿಒ ಕೊಡುವ ಅಂತರರಾಷ್ಟ್ರೀಯ ಪರವಾನಗಿಗೆ ಚೀನಾದಲ್ಲಿ ಮಾನ್ಯತೆ ಇಲ್ಲ. ಅದನ್ನು ನಂಬಿ ಓಡಿಸಿದರೆ ಪರವಾನಗಿಯಿಲ್ಲದೆ ಓಡಿಸಿದಂತೆಯೇ. ಅದಕ್ಕೆ 200ರಿಂದ 2,000 ಯುವಾನ್ ದಂಡದ ಜೊತೆಗೆ 15 ದಿನಗಳವರೆಗೆ ಪೊಲೀಸ್ ಬಂಧನಕ್ಕೂ ಅವಕಾಶವಿದೆ. ವಾಸ ಪರವಾನಗಿ ಇರುವವರು ಭಾರತದ ಮೂಲ ಪರವಾನಗಿ, ಅಧಿಕೃತ ಸಂಸ್ಥೆಯ ಚೀನೀ ಅನುವಾದ ಮತ್ತು ವೈದ್ಯಕೀಯ ತಪಾಸಣೆಯ ವರದಿಯೊಂದಿಗೆ ಅರ್ಜಿ ಸಲ್ಲಿಸಿ, ಕಂಪ್ಯೂಟರಿನಲ್ಲಿ ನಡೆಯುವ ಲಿಖಿತ ಪರೀಕ್ಷೆಯಲ್ಲಿ ನೂರಕ್ಕೆ ತೊಂಬತ್ತು ಅಂಕ ಪಡೆಯಬೇಕು. ಪರೀಕ್ಷೆಯನ್ನು ಇಂಗ್ಲಿಷಿನಲ್ಲಿ ಬರೆಯಬಹುದು. ತೊಂಬತ್ತು ಎಂದರೆ ಸುಲಭವಲ್ಲ. ಟ್ರಾಫಿಕ್ ಪೊಲೀಸರ ಕೈಸನ್ನೆಗಳನ್ನು ನಾನು ಎರಡು ವಾರ ಕೂತು ಓದಬೇಕಾಯಿತು.

ಇಲ್ಲೊಂದು ಎಚ್ಚರಿಕೆ ಅಗತ್ಯ. ನಮ್ಮ ಕಾರ್ಡಿನ ಮೇಲೆ ಬೈಕಿನ ವರ್ಗ 'ಎಂಸಿಡಬ್ಲ್ಯುಜಿ' ಎಂಬ ಸಂಕ್ಷಿಪ್ತ ರೂಪದಲ್ಲಿರುತ್ತದೆ. ನನ್ನ ಅನುವಾದಕರು ಕಾರಿನ ವರ್ಗವನ್ನಷ್ಟೇ ಬರೆದು ಇದನ್ನು ಕೈಬಿಟ್ಟಿದ್ದರು. ಅದೇ ಕಾಗದ ಮುಂದೆ ಹೋಗಿದ್ದರೆ ನನಗೆ ಕಾರಿನ 'ಸಿ1' ಮಾತ್ರ ಸಿಗುತ್ತಿತ್ತು, ದ್ವಿಚಕ್ರದ 'ಇ' ವರ್ಗ ಸಿಗುತ್ತಿರಲಿಲ್ಲ. ಕೌಂಟರಿನಲ್ಲಿದ್ದ ಮಹಿಳೆ ಮೂಲ ಕಾರ್ಡನ್ನೂ ಅನುವಾದವನ್ನೂ ಹೋಲಿಸಿ ನೋಡಿ ಅರ್ಜಿಯನ್ನು ಹಿಂದಿರುಗಿಸಿದ್ದರಿಂದ ಒಂದು ವಾರ ಹೋಯಿತು, ಪರವಾನಗಿ ಉಳಿಯಿತು.

ನಾನು ಬೈಕು ಕೊಂಡ 2019ರ ಜುಲೈ 1ರಿಂದ ಬೈಕುಗಳಿಗೆ ನಾಲ್ಕನೆಯ ಹಂತದ ಹೊಗೆ ಮಾನದಂಡ ಕಡ್ಡಾಯವಾಗಿತ್ತು. ನಾನು ಮೊದಲು ಹೋದ ಅಂಗಡಿಯವನು ಮೂರನೆಯ ಹಂತದ ಹಳೆಯ ಬೈಕನ್ನು ಬಹಳ ಕಡಿಮೆ ಬೆಲೆಗೆ ಕೊಡಲು ಮುಂದಾದ. ಫಲಕದ ಮಾತು ಬಂದಾಗ ಮಾತ್ರ ಉತ್ತರ ಹಾರಿಸುತ್ತಿದ್ದ. ಆ ಬೈಕಿಗೆ ಹೊಸದಾಗಿ ನೋಂದಣಿಯೇ ಆಗದು ಎಂಬುದನ್ನು ನನ್ನ ಚೀನೀ ಸಹೋದ್ಯೋಗಿ ತಿಳಿಸಿದರು. ಆದ್ದರಿಂದ ಹಣ ಕೊಡುವ ಮುನ್ನ ಕಾರ್ಖಾನೆಯ ಅರ್ಹತಾ ಪ್ರಮಾಣಪತ್ರವನ್ನು ಕೈಯಲ್ಲಿ ಹಿಡಿದು, ಅದರ ಚಾಸಿಸ್ ಸಂಖ್ಯೆಯನ್ನು ಬೈಕಿನ ಮೇಲಿನದರೊಡನೆ ಹೋಲಿಸಿ ನೋಡಬೇಕು.

ನನ್ನ ಬೈಕಿನ ಬೆಲೆ ಮೂವತ್ತು ಸಾವಿರ ಯುವಾನ್ ದಾಟಿತ್ತು. 150 ಸಿಸಿಗಿಂತ ದೊಡ್ಡದಾದ್ದರಿಂದ ಅದರ ಮೇಲೆ ಶೇಕಡಾ 10ರ ಖರೀದಿ ತೆರಿಗೆಯನ್ನೂ ಕಟ್ಟಿದೆ. ಕಡ್ಡಾಯ ವಿಮೆ ಮಾತ್ರ ಅಗ್ಗ: 50 ಸಿಸಿ ಮೀರಿ 250 ಸಿಸಿವರೆಗೆ ವರ್ಷಕ್ಕೆ 120 ಯುವಾನ್, ಅದನ್ನು ಮೀರಿದರೆ 400. ಅಗ್ಗ ಏಕೆಂದರೆ ಅದರ ರಕ್ಷಣೆಯೂ ಅಷ್ಟಕ್ಕಷ್ಟೇ. 2020ರ ಸೆಪ್ಟೆಂಬರಿನಲ್ಲಿ ಮಿತಿಯನ್ನು ಏರಿಸಿದ ಮೇಲೂ ಎದುರಿನವರ ಚಿಕಿತ್ಸೆಗೆ ಸಿಗುವುದು ಗರಿಷ್ಠ 18,000 ಯುವಾನ್. ಹೆಚ್ಚಿನ ವಿಮೆಗಾಗಿ ನಾನು ಹೋದ ಕಂಪನಿಗಳಲ್ಲಿ ಎರಡು ಬೈಕೆಂದ ಕೂಡಲೇ ನಿರಾಕರಿಸಿದವು, ಮೂರನೆಯದು ಬೇಡದ ಪಾಲಿಸಿಯೊಂದನ್ನು ಜೊತೆಗೆ ಕಟ್ಟಿ ಕೊಟ್ಟಿತು. ಆದರೂ ತೆಗೆದುಕೊಂಡೆ. ಬೇರೆ ದೇಶದಲ್ಲಿ ಯಾರಿಗಾದರೂ ಗಾಯ ಮಾಡಿ ಆಸ್ಪತ್ರೆಯ ಬಿಲ್ಲಿನೆದುರು ನಿಲ್ಲುವ ಸ್ಥಿತಿ ಯಾರಿಗೂ ಬರಬಾರದು.

ನೋಂದಣಿಗೆ ಪಾಸ್‌ಪೋರ್ಟ್, ವಾಸ ಪರವಾನಗಿ, ಪೊಲೀಸ್ ಠಾಣೆಯ ತಾತ್ಕಾಲಿಕ ವಾಸದ ಚೀಟಿ, ಬಿಲ್ಲು, ತೆರಿಗೆ ಮತ್ತು ವಿಮೆಯ ದಾಖಲೆಗಳು ಬೇಕು. ಎಲ್ಲ ಸರಿಯಿದ್ದುದರಿಂದ ಅರ್ಧ ದಿನದಲ್ಲಿ ಹಳದಿ ಫಲಕ ಕೈಗೆ ಬಂತು. ನಿಜವಾದ ತೊಡಕು ಎದುರಾದದ್ದು 2022ರಲ್ಲಿ, ನನ್ನ ಪಾಸ್‌ಪೋರ್ಟ್ ನವೀಕರಣವಾದಾಗ. ವಿದೇಶಿಯ ಚಾಲನಾ ಪರವಾನಗಿಯ ಸಂಖ್ಯೆ ಎಂದರೆ ಪಾಸ್‌ಪೋರ್ಟ್ ಸಂಖ್ಯೆಯೇ. ಬೈಕಿನ ದಾಖಲೆಯಲ್ಲಿಯೂ ಮಾಲೀಕನ ಗುರುತು ಅದೇ. ಸಂಖ್ಯೆ ಬದಲಾದೊಡನೆ ವಾಸ ಪರವಾನಗಿ, ಠಾಣೆಯ ಚೀಟಿ, ಚಾಲನಾ ಪರವಾನಗಿ, ಬೈಕಿನ ನೋಂದಣಿ ಹೀಗೆ ಒಂದರ ಹಿಂದೊಂದು ಎಲ್ಲವನ್ನೂ ತಿದ್ದಿಸಬೇಕಾಯಿತು. ಹಳೆಯ ಪಾಸ್‌ಪೋರ್ಟನ್ನು ಜೋಪಾನವಾಗಿ ಇಟ್ಟುಕೊಂಡಿದ್ದು ಆಗ ನನ್ನನ್ನು ಕಾಪಾಡಿತು.

ಇನ್ನು ಬೈಕು. ಭಾರತದಲ್ಲಿ 2022ರಿಂದ ಸಿಗುತ್ತಿರುವ ಸುಜುಕಿಯದೇ ವಿ-ಸ್ಟ್ರಾಮ್ ಎಸ್‌ಎಕ್ಸ್ ಒಂಟಿ ಸಿಲಿಂಡರಿನದು. ನನ್ನ ಡಿಎಲ್ 250ರದು 248 ಸಿಸಿಯ ಎರಡು ಸಿಲಿಂಡರಿನ ಎಂಜಿನ್. 2014ರಲ್ಲಿ ನಮ್ಮಲ್ಲಿಗೆ ಬಂದು ಬೇಗನೆ ಮರೆಯಾದ ಸುಜುಕಿ ಇನಾಜುಮಾ ನೆನಪಿರುವವರಿಗೆ ಈ ಎಂಜಿನ್ನಿನ ದನಿ ಪರಿಚಿತ. 188 ಕಿಲೋ ತೂಕ, 25 ಅಶ್ವಶಕ್ತಿ: ಓಟದ ಆಸೆಯುಳ್ಳವರಿಗೆ ಇದು ಹೇಳಿ ಮಾಡಿಸಿದ್ದಲ್ಲ. ಆದರೆ ಹೆದ್ದಾರಿಯಲ್ಲಿ ಗಂಟೆಗೆ 80 ಕಿಲೋಮೀಟರಿನಲ್ಲಿ ದಿನವಿಡೀ ಕೂತರೂ ಕೈ ಜೋಮು ಹಿಡಿಯುವುದಿಲ್ಲ. ಲೀಟರಿಗೆ 30 ಕಿಲೋಮೀಟರು ಕೊಡುತ್ತಿತ್ತು, 17.3 ಲೀಟರಿನ ಟ್ಯಾಂಕು ತುಂಬಿಸಿದರೆ ಐನೂರು ಕಿಲೋಮೀಟರಿನ ಹತ್ತಿರಕ್ಕೆ ಹೋಗುತ್ತಿತ್ತು. ಎಣ್ಣೆ, ಫಿಲ್ಟರು, ಬ್ರೇಕ್ ಪ್ಯಾಡ್, ಒಂದು ಜೊತೆ ಟೈರು, ಒಂದು ಚೈನ್ ಸೆಟ್ಟು ಬಿಟ್ಟರೆ ಬೇರೆ ಖರ್ಚಾಗಲಿಲ್ಲ.

ದೊಡ್ಡ ಟ್ಯಾಂಕಿನ ಬೆಲೆ ತಿಳಿಯುವುದು ಪೆಟ್ರೋಲ್ ಬಂಕಿನಲ್ಲಿ. ಎಷ್ಟೋ ಬಂಕುಗಳಲ್ಲಿ ಬೈಕನ್ನು ಪಂಪಿನ ಬಳಿ ಬಿಡುವುದಿಲ್ಲ. ದೂರದಲ್ಲಿ ನಿಲ್ಲಿಸಿ, ಕೊಳವೆಯಿರುವ ಕಬ್ಬಿಣದ ಹೂಜಿಯಲ್ಲಿ ಪೆಟ್ರೋಲ್ ತಂದು ಸುರಿದುಕೊಳ್ಳಬೇಕು. ಕೆಲವೆಡೆ ಗುರುತಿನ ಚೀಟಿಯನ್ನೂ ಬರೆದುಕೊಳ್ಳುತ್ತಾರೆ. ಚೀನೀ ಗುರುತಿನ ಚೀಟಿಗೆಂದೇ ಮಾಡಿದ ಯಂತ್ರ ಪಾಸ್‌ಪೋರ್ಟನ್ನು ಓದದಿದ್ದಾಗ ಸಿಬ್ಬಂದಿ ಯಾರಿಗಾದರೂ ಫೋನು ಮಾಡಿ ಕೇಳುವವರೆಗೆ ಕಾಯಬೇಕು. ಇದರ ಜೊತೆಗೆ ರಾಷ್ಟ್ರೀಯ ಕಾನೂನು 80 ಕಿಲೋಮೀಟರಿನ ಮಿತಿಯಲ್ಲಿ ಬೈಕಿಗೆ ಎಕ್ಸ್‌ಪ್ರೆಸ್‌ವೇ ಪ್ರವೇಶ ಕೊಟ್ಟಿದ್ದರೂ ಅನೇಕ ಪ್ರಾಂತ್ಯಗಳ ಟೋಲ್ ಗೇಟಿನಿಂದಲೇ ಹಿಂದಕ್ಕೆ ಕಳಿಸುತ್ತಾರೆ. ದೂರದ ಪ್ರಯಾಣಕ್ಕೆ ಹಳೆಯ ರಾಷ್ಟ್ರೀಯ ಹೆದ್ದಾರಿಗಳೇ ಗತಿ; ನನಗೆ ಅದರಿಂದ ಲಾಭವೇ ಆಯಿತು.

2021ರ ಜೂನ್‌ನಲ್ಲಿ 318ನೆಯ ರಾಷ್ಟ್ರೀಯ ಹೆದ್ದಾರಿ ಹಿಡಿದು ಛೆಂಗ್ಡು, ಕಾಂಗ್‌ಡಿಂಗ್, ಲಿಟಾಂಗ್ ದಾಟಿ ಬಟಾಂಗ್‌ವರೆಗೆ ಹೋದೆ. 4,298 ಮೀಟರ್ ಎತ್ತರದ ಝೆಡುವೊ ಕಣಿವೆದಾರಿಯಲ್ಲಿ, ತೆಳು ಗಾಳಿಗೆ ನನ್ನ ಉಸಿರಿನಂತೆ ಎಂಜಿನ್ನಿನ ಎಳೆತವೂ ಕುಗ್ಗಿತ್ತು. ಎರಡನೆಯ, ಮೂರನೆಯ ಗೇರಿನಲ್ಲಿ ಹತ್ತಿದರೂ ಅದು ಒಮ್ಮೆಯೂ ನಿಲ್ಲಲಿಲ್ಲ. ನಾಲ್ಕು ಸಾವಿರ ಮೀಟರಿನ ಲಿಟಾಂಗ್‌ನಲ್ಲಿ ಮುಂಜಾನೆಯ ಕೊರೆಯುವ ಚಳಿಗೂ ಒಂದೇ ಗುಂಡಿಗೆ ಸ್ಟಾರ್ಟ್ ಆಯಿತು. ಜಿನ್‌ಶಾ ನದಿಯ ಆಚೆ ದಡ ಟಿಬೆಟ್ ಸ್ವಾಯತ್ತ ಪ್ರದೇಶ. ವಿದೇಶಿಯರು ವಿಶೇಷ ಅನುಮತಿ ಮತ್ತು ಮಾರ್ಗದರ್ಶಿಯಿಲ್ಲದೆ ಅಲ್ಲಿಗೆ ಹೋಗುವಂತಿಲ್ಲ. ಸೇತುವೆಯ ಈಚೆ ದಡದಲ್ಲಿ ಅರ್ಧ ಗಂಟೆ ಕೂತು ಹಿಂದಿರುಗಿದೆ. ನನ್ನದರಂತೆಯೇ ಚೊಂಗ್‌ಚಿಂಗ್ ಫಲಕವಿದ್ದ ಬೈಕುಗಳು ಒಂದೊಂದಾಗಿ ಸೇತುವೆ ದಾಟುವುದನ್ನು ನೋಡುವಾಗ ನೋವಾಯಿತು, ಈಗಲೂ ಆಗುತ್ತದೆ.

ಮಾರುವವರಿಗೆ ಎರಡು ಮಾತು. ನಾನು ಕೊಂಡಾಗಿನ ನಿಯಮದಂತೆ ಬೈಕಿಗೆ ಇದ್ದದ್ದು 13 ವರ್ಷದ ಆಯುಸ್ಸು, ಆಮೇಲೆ ಗುಜರಿಯೇ. ಆದ್ದರಿಂದ ಕೊಳ್ಳುವವರು ಮೊದಲು ಕೇಳುತ್ತಿದ್ದುದು ಉಳಿದ ವರ್ಷಗಳನ್ನು, ಆಮೇಲೆ ಕಿಲೋಮೀಟರನ್ನು. ಮಾಲೀಕತ್ವ ವರ್ಗಾಯಿಸಲು ಹಸಿರು ಬಣ್ಣದ ನೋಂದಣಿ ಪುಸ್ತಕದೊಂದಿಗೆ ಚಾಲ್ತಿಯಲ್ಲಿರುವ ವಾಸ ಪರವಾನಗಿಯೂ ಬೇಕಾಗುತ್ತದೆ. ಕೆಲಸ ಬಿಟ್ಟು ಊರಿಗೆ ಹೊರಡುವ ಆತುರದಲ್ಲಿ ಅದನ್ನು ಮೊದಲು ರದ್ದು ಮಾಡಿಸಿ, ಬೈಕನ್ನು ಮಾರಲಾಗದೆ ಗೆಳೆಯರ ಗ್ಯಾರೇಜಿನಲ್ಲಿ ಬಿಟ್ಟು ಬಂದವರನ್ನು ನಾನು ಬಲ್ಲೆ. ಹೊರಡುವುದಕ್ಕೆ ಎರಡು ತಿಂಗಳಿರುವಾಗಲೇ ಗಿರಾಕಿಯನ್ನು ಹುಡುಕಿ, ಹೊಸ ಮಾಲೀಕರ ಹೆಸರು ಪುಸ್ತಕದಲ್ಲಿ ಮುದ್ರಣವಾದದ್ದನ್ನು ಕಣ್ಣಾರೆ ನೋಡಿದ ಮೇಲೆಯೇ ಕಚೇರಿಗೆ ರಾಜೀನಾಮೆಯ ಕಾಗದಗಳನ್ನು ಒಪ್ಪಿಸಿ.